ಬಿಚ್ಚಬಾರದಿದ್ದ ಕಟ್ಟುಗಳು

ಅರಸೀಕೆರೆಯ ರೈಲ್ವೆ ಗೂಡ್ಸ್ ಶೆಡ್ಡಿನ ಹಿಂದಿದ್ದ ಆ ಮಳಿಗೆಯ ಬೀಗ ತೆಗೆದಾಗ ಮೊದಲು ಮೂಗಿಗೆ ಬಡಿದದ್ದು ಕೊಬ್ಬರಿಯ ವಾಸನೆ. ಮಳಿಗೆಯ ಒಂದರ್ಧದಲ್ಲಿ ಅದರ ಯಜಮಾನರು, ಊರಿನ ಕೊಬ್ಬರಿ ವರ್ತಕರು, ಚೀಲಗಳನ್ನು ಸೂರಿನವರೆಗೆ ಒಟ್ಟಿದ್ದರು. ನಡುವೆ ತಗಡಿನ ಗೋಡೆ. ಇನ್ನೊಂದರ್ಧದಲ್ಲಿ ನನ್ನ ಎದೆಮಟ್ಟಕ್ಕೆ ಕಾಗದದ ಕಟ್ಟುಗಳು. ಬಾಗಿಲು ಮುಚ್ಚಿಹೋದ ಹಳೆಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯೊಂದರ ದಾಖಲೆಗಳು ಅವು. ಕಾರ್ಖಾನೆ ಇದ್ದದ್ದು ಇಲ್ಲಿಂದ ರೈಲಿನಲ್ಲಿ ಕೆಲವು ತಾಸಿನ ದೂರದಲ್ಲಿ. ಅಲ್ಲಿನ ಆಫೀಸು ಕಟ್ಟಡದ ಸೂರು ಕುಸಿಯತೊಡಗಿದಾಗ, ಒಂದು ಕಾಲಕ್ಕೆ ಕಾರ್ಖಾನೆಯ ಮಾಲು ಇಳಿಸುತ್ತಿದ್ದ ಈ ಮಳಿಗೆಗೆ ಎಲ್ಲವನ್ನೂ ಲಾರಿಯಲ್ಲಿ ತಂದು ಇಳಿಸಿದ್ದರು. ಅವನ್ನು ವಿಂಗಡಿಸಿ, ಪಟ್ಟಿ ಮಾಡಿ, ಪೆಟ್ಟಿಗೆಗಳಲ್ಲಿ ತುಂಬಿ ಬೆಂಗಳೂರಿನ ದಾಖಲೆಗಳ ಕಚೇರಿಗೆ ಕಳಿಸುವುದು ನನ್ನ ಕೆಲಸ. ಎಂಟು ತಿಂಗಳ ಕರಾರು. ಕೆಲಸಕ್ಕೆ ನಾನೊಬ್ಬಳೇ.

ಕೈಗೆ ಕೊಟ್ಟ ಸೂಚನೆ ಒಂದೇ ಪುಟದ್ದು. ದಾಖಲೆಗಳನ್ನು ಐದು ವಿಷಯಗಳಾಗಿ ವಿಂಗಡಿಸಬೇಕು: ಆಡಳಿತ, ಉತ್ಪಾದನೆ, ಖರೀದಿ, ನಕ್ಷೆ, ಕಾರ್ಮಿಕರು. ಯಾವುದಕ್ಕೂ ಸೇರದ್ದು ‘ಇತರೆ’. ‘ಇತರೆ’ಯನ್ನು ಕೊನೆಗೆ ನೋಡಿ, ಬೇಡವಾದದ್ದನ್ನು ವಿಲೇವಾರಿ ಮಾಡಬೇಕು.

ನಾನು ಹಾಗೆಯೇ ಮಾಡಿದೆ. ಬೆಳಿಗ್ಗೆ ಒಂಬತ್ತಕ್ಕೆ ಬೀಗ ತೆಗೆದು, ಮೂಗಿಗೆ ಬಟ್ಟೆ ಕಟ್ಟಿ, ಒಂದು ಕಟ್ಟನ್ನು ಮೇಜಿಗೆ ತಂದು, ಕೊಳೆತ ಲಾಡಿಯನ್ನು ಕತ್ತರಿಸುತ್ತಿದ್ದೆ. ಮೆತ್ತನೆಯ ಬ್ರಷ್ಷಿನಿಂದ ಹಾಳೆಯ ನಡುವಿನಿಂದ ಅಂಚಿಗೆ ಧೂಳು ಗುಡಿಸುವುದು. ತುಕ್ಕು ಹಿಡಿದ ಗುಂಡುಸೂಜಿಯನ್ನು ಎಳೆಯದೆ, ಕಾಗದವನ್ನೇ ಅದರಿಂದ ಮೆಲ್ಲಗೆ ಜಾರಿಸುವುದು. ಹಿಂಬದಿಯ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ನಂಬರು ಹಾಕಿ, ಆರು ರಾಶಿಗಳಲ್ಲಿ ಒಂದಕ್ಕೆ ಸೇರಿಸುವುದು. ಒಂದೇ ಕಟ್ಟಿನಲ್ಲಿ ಕುಲುಮೆಯ ತಾಪದ ಪಟ್ಟಿ, ರಜಾಚೀಟಿ, ಸೌದೆ ಇದ್ದಿಲಿನ ಲೆಕ್ಕ, ಗೇಟಿನಲ್ಲಿ ಬಂದುಹೋದವರ ಹಾಳೆ ಎಲ್ಲ ಕಲಸಿಕೊಂಡಿರುತ್ತಿದ್ದವು. ಎಂಥ ಅಶಿಸ್ತು ಎಂದುಕೊಂಡು ಬೇರ್ಪಡಿಸಿದೆ. ರಾಶಿಗಳು ಅಚ್ಚುಕಟ್ಟಾಗಿ ಬೆಳೆಯುವುದನ್ನು ನೋಡಿ ಖುಷಿಯೂ ಆಗುತ್ತಿತ್ತು.

ಇಡೀ ದಿನ ಮಾತಿಲ್ಲ. ಸಂಜೆ ಹೋಟೆಲಿನಲ್ಲಿ ಕಾಫಿ ಕೇಳಲು ಬಾಯಿ ತೆರೆದರೆ ಮೊದಲ ಶಬ್ದ ಹೊರಡುತ್ತಿರಲಿಲ್ಲ. ಅದು ಗೊತ್ತಾದ ಮೇಲೆ ಮಳಿಗೆಯಿಂದ ಹೊರಡುವ ಮುಂಚೆ ಒಂದೆರಡು ಹಾಳೆಗಳನ್ನು ಗಟ್ಟಿಯಾಗಿ ಓದುವ ಅಭ್ಯಾಸ ಮಾಡಿಕೊಂಡೆ. ‘ಎರಡನೇ ಪಾಳಿ. ಊದುಕೊಳವೆ ಬದಲಾಯಿಸಲಾಯಿತು.’ ಭಾನುವಾರ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು ಸ್ಟೇಷನ್ನಿನ ಬೆಂಚಿನ ಮೇಲೆ ಕೂರುತ್ತಿದ್ದೆ. ಯಾರಿಗೂ ಕಾಯುತ್ತಿರಲಿಲ್ಲ. ಪಕ್ಕದಲ್ಲಿ ಕೂತವರು ‘ಈ ಗಾಡಿ ಬೀರೂರಲ್ಲಿ ನಿಲ್ಲುತ್ತಾ?’ ಎಂದು ಕೇಳಿದರೆ ‘ನಿಲ್ಲುತ್ತೆ’ ಎನ್ನುತ್ತಿದ್ದೆ. ಆ ವಾರದ ಉದ್ದನೆಯ ಸಂಭಾಷಣೆ ಹಲವು ಸಲ ಅಷ್ಟೇ.

ಐದನೆಯ ತಿಂಗಳಿಗೆ ವಿಂಗಡಣೆ ಮುಗಿಯಿತು. ಪಟ್ಟಿ ಮಾಡುವುದು ಬಾಕಿ. ಆ ಹೊತ್ತಿಗೆ ಒಂದು ಮಧ್ಯಾಹ್ನ ಯಾರೋ ಬಾಗಿಲಿನ ತಗಡು ಬಡಿದರು.

‘ಒಳಗೆ ಯಾರವ್ವ ಇರೋರು?’

ಎಂಬತ್ತರ ಆಸುಪಾಸಿನ ಅಜ್ಜಿ. ಒಬ್ಬರೇ ಬಂದಿದ್ದರು. ಹಳೇಬೀಡಿಗೆ ಸ್ವಲ್ಪ ಈಚೆ ಅವರ ಹಳ್ಳಿ. ಅಲ್ಲಿಂದ ಕೊಬ್ಬರಿ ತಂದ ನೆರೆಯವರೊಬ್ಬರಿಗೆ ನಮ್ಮ ವರ್ತಕರು ಈ ಕಾಗದಗಳ ವಿಷಯ ಹೇಳಿದ್ದರಂತೆ.

‘ಕಾರ್ಖಾನೆ ಕಾಗ್ದವೆಲ್ಲ ಇಲ್ಲೈತಂತೆ, ದಿಟವಾ?’

ಹೌದೆಂದೆ. ಇದ್ದ ಒಂದೇ ಸ್ಟೂಲು ಕೊಟ್ಟೆ. ಅವರು ಕೂರಲಿಲ್ಲ, ರಾಶಿಗಳನ್ನು ನೋಡುತ್ತ ನಿಂತರು.

‘ನಮ್ಮಣ್ಣ ಅಲ್ಲಿ ಕುಲುಮೆ ಕೆಲ್ಸಕ್ಕಿದ್ದ ಕಣವ್ವ. ನಾನಾವಾಗ ಹತ್ತು ವರ್ಸದೋಳು. ಎಲ್ಡು ಸಲ ಹಬ್ಬಕ್ಕೆ ಬಂದ, ಆಮೇಲೆ ಬರ್ಲೇ ಇಲ್ಲ. ಅವ್ವ ನನ್ನ ಕರ್ಕೊಂಡು ರೈಲತ್ತಿ ಹೋದ್ಲು. ಗೇಟ್ನಾಗೆ, ಅಂಥೋನು ಇಲ್ಲಿ ಯಾರೂ ಇಲ್ಲ ಅಂದ್ರು. ಮೂರ್ ವರ್ಸ ನೋಡಿದ್ಲು. ಆಮೇಲೆ ಸತ್ತೋನು ಅಂತ ಕಾರ್ಯ ಮಾಡುಸ್ಬುಟ್ಲು.’

‘ಈಗ ಏನು ತಿಳೀಬೇಕು ಅಜ್ಜಿ?’

‘ಹೋಗಿದ್ ದಿನ ಯಾವ್ದು ಅಂತ. ಪಕ್ಸದಾಗೆ ಎಲ್ರ ಜೊತೆ ಅವನ್ಗೂ ಎಡೆ ಇಡ್ತೀವಿ. ಅವನ್ದೇ ಅಂತ ಒಂದು ದಿನ ಇದ್ರೆ...’ ಮಾತು ಮುಗಿಸದೆ, ಎಲೆಅಡಿಕೆ ಚೀಲದಿಂದ ಒಂದು ಪೋಸ್ಟ್ ಕಾರ್ಡು ತೆಗೆದರು. ಅಣ್ಣನಿಗೆ ಬರೆಯಲು ಬರುತ್ತಿರಲಿಲ್ಲ, ಯಾರ ಕೈಯಲ್ಲೋ ಬರೆಸಿದ್ದು. ಅಕ್ಷರ ಮಾಸಿತ್ತು. ಕೆಳಗೆ ಕಾರ್ಖಾನೆಯ ವಿಳಾಸ, ಅದರ ಕೆಳಗೆ ಟೋಕನ್ ನಂಬರು ಮಾತ್ರ ಸ್ಪಷ್ಟವಾಗಿದ್ದವು. ಪಾಳಿಗೆ ಹೋಗುವಾಗ ಪ್ರತಿಯೊಬ್ಬ ಕೆಲಸಗಾರನೂ ಗೇಟಿನಲ್ಲಿ ಪಡೆಯುತ್ತಿದ್ದ ಹಿತ್ತಾಳೆಯ ಬಿಲ್ಲೆಯ ಸಂಖ್ಯೆ ಅದು. ಸಂಖ್ಯೆಯನ್ನೂ ಅಣ್ಣನ ಹೆಸರನ್ನೂ ಬರೆದುಕೊಂಡೆ. ಅವನ್ನು ಇಲ್ಲಿ ಬರೆಯುವುದಿಲ್ಲ.

‘ಹುಡುಕ್ತೀನಿ ಅಜ್ಜಿ. ಸಿಗುತ್ತೆ ಅಂತ ಹೇಳೋಕಾಗಲ್ಲ.’

‘ಹುಡ್ಕು ತಾಯಿ. ಇಷ್ಟು ದಿನ ಕಾದಿಲ್ವಾ.’

ಕಾರ್ಮಿಕರ ರಾಶಿಯಲ್ಲಿ ಸರ್ವಿಸ್ ರಿಜಿಸ್ಟರು ಮೂರನೆಯ ದಿನ ಸಿಕ್ಕಿತು. ಹೆಸರು, ತಂದೆಯ ಹೆಸರು, ಊರು, ಟೋಕನ್ನು, ಎಲ್ಲ ತಾಳೆಯಾಯಿತು. ಕೆಲಸಕ್ಕೆ ಸೇರಿದ ದಿನವಿತ್ತು. ಬಿಟ್ಟ ದಿನದ ಕಾಲಂ ಖಾಲಿ. ಅದೇ ಟೋಕನ್ನು ಮುಂದೆ ಇನ್ನೊಬ್ಬನ ಹೆಸರಿನ ಎದುರೂ ಇತ್ತು, ಆದರೆ ಅವನು ಸೇರಿದ ದಿನವನ್ನು ಹುಳು ತಿಂದುಹಾಕಿತ್ತು. ಇಷ್ಟೇ ಎಂದು ಬಿಡಬಹುದಿತ್ತು. ಬಿಡಲಾಗದೆ, ವಿಲೇವಾರಿಗೆಂದು ಮೂಲೆಗೆ ಒಟ್ಟಿದ್ದ ‘ಇತರೆ’ಯನ್ನು ತೆಗೆದೆ. ನಾಲ್ಕು ದಿನ ಏನೂ ಸಿಗಲಿಲ್ಲ. ಐದನೆಯ ದಿನ ಅಂಗೈಯಗಲದ ಒಂದು ಚೀಟಿ ಬಂತು. ಗುಮಾಸ್ತರ ದುಂಡು ಅಕ್ಷರ:

‘ನನ್ನ ಊರ ಕಡೆಯಿಂದ ಯಾರಾದರೂ ನನ್ನನ್ನು ಕೇಳಿಕೊಂಡು ಬಂದಲ್ಲಿ ಅಂಥವನು ಇಲ್ಲಿ ಇಲ್ಲವೆಂದು ಹೇಳಿ ಕಳಿಸಬೇಕಾಗಿ ಬೇಡಿಕೊಳ್ಳುತ್ತೇನೆ.’

ಹೆಸರಿಲ್ಲ. ತಾರೀಖಿಲ್ಲ. ಕೆಳಗೆ ನೀರು ಬಿದ್ದು ಹರಡಿಹೋದ ಹೆಬ್ಬೆಟ್ಟು. ಅದರ ಪಕ್ಕದಲ್ಲಿ ಟೋಕನ್ ನಂಬರು, ಅಜ್ಜಿ ತಂದಿದ್ದ ಕಾರ್ಡಿನದ್ದೇ.

ಆ ಚೀಟಿ ಯಾವ ಕಟ್ಟಿನದು? ಅದರ ಮೇಲೆ ಕೆಳಗೆ ಯಾವ ಹಾಳೆಗಳಿದ್ದವು? ಗೊತ್ತಿದ್ದಿದ್ದರೆ ಯಾವ ಕಾಲದ್ದೆಂದು, ಇಬ್ಬರಲ್ಲಿ ಯಾರದ್ದೆಂದು ತಿಳಿಯುತ್ತಿತ್ತು. ಕಟ್ಟು ಬಿಚ್ಚಿ, ಲಾಡಿ ಕತ್ತರಿಸಿ, ಹಾಳೆ ಹಂಚಿದವಳು ನಾನೇ. ಸೂಚನೆಯಲ್ಲಿ ಹಾಗೆ ಇತ್ತು ನಿಜ. ಆದರೆ ಬಂದ ಕ್ರಮವನ್ನು ಬರೆದಿಟ್ಟುಕೊಳ್ಳದೆ ಕಟ್ಟು ಒಡೆಯಬಾರದೆಂಬುದು ಈ ಕೆಲಸದ ಮೊದಲ ಪಾಠ. ಅಶಿಸ್ತೆಂದು ಕಂಡದ್ದರಿಂದ ಅದನ್ನು ಬರೆದಿಡುವ ಅಗತ್ಯ ನನಗೆ ಕಾಣಲಿಲ್ಲ. ಆ ದಿನ ಸಂಜೆ ಗಟ್ಟಿಯಾಗಿ ಓದಲು ಹೋಗಲಿಲ್ಲ. ಬೀಗ ಹಾಕಿ ರೂಮಿಗೆ ಹೋದೆ.

ಆ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ಬೇಲೂರಿನಲ್ಲಿದ್ದಾರೆಂದು ಕೊಬ್ಬರಿ ವರ್ತಕರೇ ಹೇಳಿದರು. ಆ ಭಾನುವಾರ ಸ್ಟೇಷನ್ನಿಗೆ ಹೋಗದೆ ಬೇಲೂರಿನ ಬಸ್ಸು ಹತ್ತಿದೆ. ಹಿರಿಯರು ಜಗಲಿಯಲ್ಲಿ ಕನ್ನಡಕ ಒರೆಸುತ್ತ ಕೂತಿದ್ದರು. ಕಿವಿ ಚೆನ್ನಾಗಿತ್ತು, ನೆನಪು ಇನ್ನೂ ಚೆನ್ನಾಗಿತ್ತು. ನಾನು ರಾಶಿಗಳ ವಿಷಯ ಹೇಳುತ್ತಿದ್ದ ಹಾಗೆ ಒರೆಸುವ ಕೈ ನಿಂತಿತು.

‘ಕಟ್ಟು ಬಿಚ್ಚಿಬಿಟ್ರಾ?’

‘ಬಿಚ್ಚಿದೆ.’

‘ಎಲ್ಲಾನೂ?’

ತಲೆಯಾಡಿಸಿದೆ.

‘ಅಯ್ಯೋ, ಎಂಥ ಕೆಲ್ಸ ಮಾಡ್ಬಿಟ್ರಿ ತಾಯಿ. ನಮ್ಮಲ್ಲಿ ವಿಷಯವಾರು ಅನ್ನೋದೇ ಇರ್ಲಿಲ್ಲ. ತಿಂಗಳವಾರು. ಬಂದಿದ್ದನ್ನ ಬಂದ ಹಾಗೇ ಕೊಕ್ಕೆ ತಂತಿಗೆ ಚುಚ್ಚೋದು. ತಿಂಗಳು ಮುಗಿದ್ರೆ ಇಳಿಸಿ, ಆಯಾ ದಿನದ ಮೇಲೆ ಆ ದಿನದ ಗೇಟಿನ ಹಾಳೆ ಸೇರಿಸಿ ಕಟ್ಟೋದು. ನಾನು ಸೇರೋದಕ್ಕೆ ಮುಂಚಿಂದ್ಲೂ ಹಂಗೇ. ಸಾಹೇಬ್ರು ಒಂದು ದಿನದ್ದು ಕೇಳಿದ್ರೆ ಆ ದಿನ ನಡೆದದ್ದೆಲ್ಲ ಒಂದೇ ಕೈಗೆ ಸಿಗ್ಬೇಕು.’

ಚೀಟಿಯ ವಿಷಯ ಕೇಳಿದೆ. ಅಂಥವು ಬರುತ್ತಿದ್ದವೆಂದರು. ಯಾಕೆಂದು ಗುಮಾಸ್ತರು ಕೇಳುತ್ತಿರಲಿಲ್ಲವಂತೆ.

‘ಟೋಕನ್ ನಂಬರ್ ಒಂದರಿಂದ ಅದು ಅವರದ್ದೇ ಅಂತ ಹೇಳಬಹುದಾ?’

‘ಆಗಲ್ಲ ಕಣ್ರೀ. ಟೋಕನ್ನು ಮನುಷ್ಯಂದಲ್ಲ, ಜಾಗದ್ದು. ಒಬ್ಬ ಬಿಟ್ಟರೆ ಮುಂದಿನ ವಾರಕ್ಕೆ ಇನ್ನೊಬ್ಬನ ಕುತ್ತಿಗೇಲಿ ಅದೇ ಬಿಲ್ಲೆ.’

ಹೊರಡುವಾಗ ಗೇಟಿನವರೆಗೆ ಬಂದರು. ‘ನಾನು ಬೈದೆ ಅಂತ ಅಂದ್ಕೋಬೇಡಿ. ನಲವತ್ತು ವರ್ಷ ಕಟ್ಟಿದೀನಿ ಅವನ್ನ, ಅದಕ್ಕೇ’ ಎಂದರು.

ಮರುದಿನ ಬೆಳಿಗ್ಗೆ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಕೊಕ್ಕೆಯ ತೂತು ನಡುವೆ ಇತ್ತು, ಅದು ಎಲ್ಲ ಚೀಟಿಗಳಲ್ಲೂ ಇರುವಂಥದ್ದು. ಅದರ ಎಡಕ್ಕೆ ಹುಳು ಕೊರೆದ ಮೂರು ತೂತುಗಳಿದ್ದವು. ಒಂದು ಗುಂಡಗೆ, ಒಂದು ಅಕ್ಕಿಕಾಳಿನ ಆಕಾರ, ಇನ್ನೊಂದು ಅಂಚಿನವರೆಗೆ ಸೀಳಿದ್ದು. ಏನೂ ತೋಚದೆ, ರಜಾಚೀಟಿಗಳ ರಾಶಿಯಿಂದ ಹುಳು ಹಿಡಿದ ಒಂದನ್ನು ತೆಗೆದು ಪಕ್ಕದಲ್ಲಿ ಹಿಡಿದೆ. ಅದರಲ್ಲಿ ಬೇರೆ ಆಕಾರ. ಇನ್ನೊಂದರಲ್ಲಿ ಇನ್ನೊಂದು. ಹುಳು ಹಾಳೆಯ ವಿಷಯ ನೋಡಿ ಕೊರೆಯುವುದಿಲ್ಲ. ಕಟ್ಟಿನ ಕೆಳಗಿನಿಂದ ಹೊಕ್ಕು ಓರೆಯಾಗಿ ಮೇಲೆ ಬರುತ್ತದೆ. ಅಂದರೆ ಒಂದರ ಮೇಲೊಂದು ಇದ್ದ ಹಾಳೆಗಳಲ್ಲಿ ತೂತು ಹೆಚ್ಚುಕಡಿಮೆ ಒಂದೇ ಆಕಾರದಲ್ಲಿ, ಕೂದಲೆಳೆಯಷ್ಟು ಸರಿದು ಇರಬೇಕು. ನಾನು ಹರಿದುಹಾಕಿದ ಕ್ರಮ ಹುಳು ತಿಂದ ಜಾಗದಲ್ಲಿ ಉಳಿದಿತ್ತು.

ಶುಕ್ರವಾರ ಮೇಲಧಿಕಾರಿಗಳ ಫೋನು ಬಂದಾಗ ಎಲ್ಲವನ್ನೂ ಹೇಳಿದೆ.

‘ವಿಂಗಡಣೆ ಮುಗೀತು ಅಂತ ನಾನು ವರದಿ ಕಳಿಸಿಯಾಗಿದೆ ಮೇಡಂ. ಈಗ ಮತ್ತೆ ಕಲಸ್ತೀನಿ ಅಂದ್ರೆ?’

‘ಕಲಸಿದ್ದು ಆಗ ಸರ್. ಈಗ ಮೊದಲಿದ್ದ ಹಾಗೆ ಜೋಡಿಸ್ತೀನಿ.’

‘ಪಟ್ಟಿ ಯಾವಾಗ? ಇನ್ನು ಮೂರು ತಿಂಗಳಿದೆ ಅಷ್ಟೆ. ಕರಾರು ಮುಂದುವರಿಸೋಕೆ ನನ್ನಿಂದ ಆಗಲ್ಲ, ಮೊದಲೇ ಹೇಳಿರ್ತೀನಿ.’

‘ಗೊತ್ತು ಸರ್.’

‘ಯಾರೋ ಅಜ್ಜಿ ಬಂದ್ರು ಅಂತ ಇಷ್ಟೆಲ್ಲ ಮಾಡ್ತಿದೀರಾ?’

ಅಜ್ಜಿ ಬರದಿದ್ದರೆ ನನ್ನ ತಪ್ಪು ಯಾರಿಗೂ ತಿಳಿಯುತ್ತಿರಲಿಲ್ಲ, ನನಗೂ. ‘ತಪ್ಪು ನಂದು ಸರ್, ಬರೆದು ಕಳಿಸ್ತೀನಿ’ ಎಂದೆ. ಬರೆದೂ ಕಳಿಸಿದೆ.

ಫೋಟೋ ಫ್ರೇಮ್ ಅಂಗಡಿಯಿಂದ ದಪ್ಪ ಗಾಜು ತಂದು ಎರಡು ಇಟ್ಟಿಗೆಗಳ ಮೇಲಿಟ್ಟು, ಕೆಳಗೊಂದು ಬಲ್ಬು ಹಾಕಿದೆ. ತಾರೀಖಿರುವ ಗೇಟ್ ಹಾಳೆಗಳನ್ನು ಮೊದಲು ಸಾಲಾಗಿ ಹರಡಿದೆ. ಅವು ಬೆನ್ನೆಲುಬು. ಪ್ರತಿ ಹಾಳೆಯ ತೂತುಗಳನ್ನು ಎಣ್ಣೆಕಾಗದದ ಮೇಲೆ ಪೆನ್ಸಿಲ್ಲಿನಿಂದ ತೆಗೆದುಕೊಂಡು, ಆ ಎಣ್ಣೆಕಾಗದವನ್ನು ಆರೂ ರಾಶಿಗಳ ಹಾಳೆಗಳ ಮೇಲೆ ಒಂದೊಂದಾಗಿ ಇಟ್ಟು ನೋಡುವುದು. ತೂತು ಕೂಡಿದರೆ ನೀರಿನ ಕಲೆಯ ಅಂಚು, ತುಕ್ಕಿನ ಗುರುತು ನೋಡಿ ಖಾತ್ರಿ ಮಾಡಿಕೊಳ್ಳುವುದು. ಮೊದಲ ವಾರ ಎಂಟು ಹಾಳೆ ಕೂಡಿಸಿದೆ. ಎರಡನೆಯ ವಾರ ಅವುಗಳಲ್ಲಿ ಮೂರು ತಪ್ಪೆಂದು ಗೊತ್ತಾಗಿ ಬಿಡಿಸಿದೆ. ಆ ನಡುವೆ ಕೊಬ್ಬರಿ ಚೀಲಗಳ ಕಡೆಯಿಂದ ನೀಲಿ ಬೆನ್ನಿನ ಸಣ್ಣ ಹುಳುಗಳು ತಗಡಿನ ಸಂದಿಯಲ್ಲಿ ನುಸುಳಿ ಬಂದವು. ಅವು ಹೊಸ ತೂತು ಕೊರೆದರೆ ಹಳೆಯದರ ಲೆಕ್ಕವೇ ಕೆಟ್ಟುಹೋಗುತ್ತದೆ. ಎರಡು ದಿನ ಸಂದಿಗಳಿಗೆ ಬಟ್ಟೆ ತುರುಕುವುದರಲ್ಲೇ ಹೋಯಿತು. ವರ್ತಕರು ಬಂದು ನೋಡಿ, ‘ನಮ್ಮ ಹುಳ ನಿಮ್ಮ ಕಾಗ್ದ ತಿನ್ನಲ್ಲ ಬಿಡ್ರಿ, ಅದಕ್ಕೆ ಎಣ್ಣೆ ಬೇಕು’ ಎಂದು ನಕ್ಕರು. ಆದರೂ ಸಾಯಂಕಾಲ ಚೀಲಗಳನ್ನು ಎರಡು ಅಡಿ ಹಿಂದಕ್ಕೆ ಎಳೆಸಿದರು.

ಕಣ್ಣು ಪಳಗುತ್ತ ಬಂತು. ಕೂಡಿದ ಹಾಳೆಗಳು ಒಂದು ದಿನವನ್ನು ಹೇಳತೊಡಗಿದವು. ಕುಲುಮೆಯ ತಾಪ ಇಳಿದ ದಿನವೇ ಇಬ್ಬರ ರಜಾಚೀಟಿ, ಅದೇ ದಿನ ಆಸ್ಪತ್ರೆಗೆ ಗಾಡಿ ಹೋದದ್ದು ಗೇಟ್ ಹಾಳೆಯಲ್ಲಿ. ನನ್ನ ಅಚ್ಚುಕಟ್ಟಾದ ರಾಶಿಗಳಲ್ಲಿ ಇವು ಮೂರೂ ಒಂದನ್ನೊಂದು ಕಾಣದೆ ಬಿದ್ದಿದ್ದವು.

ಏಳನೆಯ ವಾರದ ಒಂದು ಬೆಳಿಗ್ಗೆ ಅಕ್ಕಿಕಾಳಿನ ಆಕಾರದ ತೂತು ಒಂದು ಗೇಟ್ ಹಾಳೆಯಲ್ಲಿ ಸಿಕ್ಕಿತು. ಪಕ್ಕದಲ್ಲಿ ಗುಂಡನೆಯದು, ಅಂಚು ಸೀಳಿದ್ದೂ ಇತ್ತು. ಚೀಟಿಯನ್ನು ಅದರ ಕೆಳಗಿಟ್ಟೆ. ಕೂದಲೆಳೆಯಷ್ಟು ಸರಿದು ಕೂತಿತು. ಚೀಟಿಯ ಕೆಳಗೆ ಬರಬೇಕಾದ್ದನ್ನು ಹುಡುಕಿದರೆ ಮಧ್ಯಾಹ್ನದ ಹೊತ್ತಿಗೆ ಒಂದು ರಜಾಚೀಟಿ ಸಿಕ್ಕಿತು. ಅದರಲ್ಲಿ ಅಜ್ಜಿಯ ಅಣ್ಣನ ಹೆಸರು, ಟೋಕನ್ನು, ತಾರೀಖು, ಎಲ್ಲ ಇತ್ತು. ಟೋಕನ್ನು ಆಗ ಅವನದ್ದೇ. ಚೀಟಿ ಅವನದ್ದೇ.

ಆಮೇಲೆ ಗೇಟ್ ಹಾಳೆಯನ್ನು ಓದಿದೆ. ಅಷ್ಟು ಹೊತ್ತೂ ಅದರ ತೂತುಗಳನ್ನು ಮಾತ್ರ ನೋಡಿದ್ದೆ. ಹನ್ನೊಂದನೆಯ ಸಾಲಿನ ತಲೆಯಲ್ಲಿ ಅದೇ ಟೋಕನ್ ನಂಬರು, ಅದರ ಕೆಳಗೆ: ‘ಹೆಂಗಸು ಒಂದು, ಹುಡುಗಿ ಒಂದು. ಮೇಲ್ಕಂಡ ಟೋಕನಿನವನನ್ನು ಕೇಳಿದರು. ಇಲ್ಲವೆಂದು ತಿಳಿಸಿ ಕಳಿಸಿದೆ. ಸಂಜೆ ಗಾಡಿಗೆ ಹೋದರು.’

ಮಳಿಗೆಯಲ್ಲಿ ಹೇಳಿಕೊಳ್ಳಲು ಯಾರೂ ಇರಲಿಲ್ಲ. ಎದ್ದು ಹೊರಗೆ ಹೋಗಿ, ಹಳಿಗಳ ಆಚೆ ಗೂಡ್ಸ್ ಗಾಡಿ ಜೋಡಿಸುವುದನ್ನು ನೋಡುತ್ತ ನಿಂತು, ಮತ್ತೆ ಒಳಗೆ ಬಂದೆ. ಹಾಜರಿ ಪುಸ್ತಕಗಳಲ್ಲಿ ಮುಂದೆ ಎರಡು ವರ್ಷ ಅವನ ಹೆಸರಿತ್ತು. ಅದರಾಚೆಯ ಪುಸ್ತಕಗಳೇ ಇರಲಿಲ್ಲ. ಸತ್ತ ದಿನ ಸಿಗಲಿಲ್ಲ. ಊರಿನವರಿಗೆ ಇಲ್ಲವೆನ್ನಿ ಎಂದದ್ದೇಕೆ ಎಂಬುದೂ ಎಲ್ಲೂ ಸಿಗಲಿಲ್ಲ. ಆ ತಿಂಗಳ ಕಟ್ಟಿನ ಹಾಳೆಗಳನ್ನು ಮೂರು ಸಲ ತಿರುವಿದೆ.

ಅಜ್ಜಿಗೆ ಹೇಳುವುದೋ ಬೇಡವೋ ಎಂಬುದು ಅಲ್ಲಿಂದ ಶುರುವಾಯಿತು. ದಾಖಲೆಗಳ ನಿಯಮದಲ್ಲಿ ಅಡ್ಡಿಯೇನೂ ಇರಲಿಲ್ಲ, ಅಷ್ಟು ವರ್ಷ ಕಳೆದಿತ್ತು. ಆದರೆ ಊರ ಕಡೆಯಿಂದ ಬಂದವರಿಗೆ ಇಲ್ಲವೆಂದು ಹೇಳಿ ಎಂದು ಒಬ್ಬ ಮನುಷ್ಯ ಹೆಬ್ಬೆಟ್ಟು ಒತ್ತಿ ಬೇಡಿಕೊಂಡಿದ್ದ. ಗೇಟಿನ ಗುಮಾಸ್ತ ಆ ಮಾತು ಉಳಿಸಿದ್ದ. ಈಗ ಊರ ಕಡೆಯಿಂದ ಕೇಳಿಕೊಂಡು ಬಂದದ್ದು ನನ್ನ ಬಾಗಿಲಿಗೆ. ದಿನ ಸಿಗಲಿಲ್ಲ ಎಂದಷ್ಟೇ ಹೇಳಿದರೆ ಅದು ಸುಳ್ಳೂ ಆಗುತ್ತಿರಲಿಲ್ಲ.

ಜಾವಗಲ್ ಮೇಲಿನ ಬಸ್ಸಿನಲ್ಲಿ ಕೂತಾಗಲೂ ತೀರ್ಮಾನವಾಗಿರಲಿಲ್ಲ. ಬ್ಯಾಗಿನಲ್ಲಿ ಮೂರು ಕಾಗದಗಳ ನಕಲಿದ್ದವು. ಎರಡೂ ಬಗೆಯ ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸುತ್ತ ಹೋದೆ. ಕಂಡಕ್ಟರು ನನ್ನ ಸ್ಟಾಪು ಎರಡು ಸಲ ಕೂಗಬೇಕಾಯಿತು.

ಅಜ್ಜಿ ಮನೆಯ ಮುಂದೆ ಗೋಣಿ ಹಾಸಿ, ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದರು. ನನ್ನನ್ನು ನೋಡಿ ಏಳಲಿಲ್ಲ. ಕಲ್ಲನ್ನು ಮಾತ್ರ ಕೆಳಗಿಟ್ಟರು. ಕೂರು ಎನ್ನಲಿಲ್ಲ, ನೀರು ಬೇಕೇ ಎನ್ನಲಿಲ್ಲ.

‘ಇದ್ದನಾ?’ ಎಂದರು.

ದಾರಿಯುದ್ದಕ್ಕೂ ಜೋಡಿಸಿದ್ದ ಮಾತುಗಳಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ. ಅವರು ದಿನ ಕೇಳಲಿಲ್ಲ, ಅಂದು ಅಣ್ಣ ಅಲ್ಲಿದ್ದನೇ ಎಂಬುದನ್ನು ಕೇಳಿದರು.

‘ಇದ್ದರು ಅಜ್ಜಿ.’

ಗೋಣಿಯ ಅಂಚಿನಲ್ಲಿ ಕೂತು ಮೂರನ್ನೂ ಓದಿದೆ. ರಜಾಚೀಟಿ, ಆ ಬೇಡಿಕೆಯ ಚೀಟಿ, ಗೇಟಿನ ಸಾಲು. ಬೇಡಿಕೆಯ ಚೀಟಿಯನ್ನು ಎರಡನೆಯ ಸಲ ಓದಿಸಿದರು. ಯಾಕೆಂದು ಬರೆದಿಲ್ಲ, ಆಮೇಲೂ ಎರಡು ವರ್ಷ ಅಲ್ಲೇ ಕೆಲಸ ಮಾಡಿದ್ದಾರೆ, ಮುಂದಿನದು ತಿಳಿಯುತ್ತಿಲ್ಲ, ದಿನ ಸಿಗಲಿಲ್ಲ ಎಂದೆ. ಅವರು ಕಲ್ಲು ತೆಗೆದುಕೊಂಡು ಮತ್ತೆ ಹುಣಸೆ ಜಜ್ಜತೊಡಗಿದರು. ನಾಲ್ಕಾರು ಹಣ್ಣು ಆಯಿತು. ನಾನು ಬಂದದ್ದೇ ತಪ್ಪಾಯಿತೇನೋ ಎಂದುಕೊಳ್ಳುತ್ತಿದ್ದೆ.

‘ನಾನು ಕಂಡಿದ್ದೆ ಕಣವ್ವ’ ಎಂದರು, ತಲೆಯೆತ್ತದೆ. ‘ಗೇಟಿನ ಸಂದೀಲಿ. ಒಳಗಡೆ ಗೋಡೆ ತಾವ ನಿಂತಿದ್ದ, ತಲೆಗೆ ವಸ್ತ್ರ ಸುತ್ಕೊಂಡು. ಅಣ್ಣಾ ಅಂತ ಕೂಗ್ದೆ. ನನ್ನೇ ನೋಡ್ದ. ನೋಡಿ ಒಳಕ್ಕೋದ. ಅವ್ವನ್ಗೆ ಹೇಳುದ್ರೆ ಕಪಾಳಕ್ಕೆ ಬಿಟ್ಲು. ಇಲ್ದೋನ್ನ ಎಲ್ಲಿ ಕಂಡ್ಯೇ ಅಂತ. ಗಾಡೀಲಿ ಬರೋವಾಗ್ಲೂ ಅಂದೆ, ಊರ್ಗ್ ಬಂದೂ ಅಂದೆ. ಯಾರೂ ನಂಬ್ಲಿಲ್ಲ. ಕಾರ್ಯದ ದಿನ್ವೂ ಅಂದೆ ಅಂತ ಅವ್ವ ಒಂದು ತಿಂಗ್ಳು ನನ್ನ ಮಾತಾಡುಸ್ಲಿಲ್ಲ. ಆಮೇಲೆ ಹೇಳೋದ್ ಬಿಟ್ಟೆ. ಬರ್ತಾ ಬರ್ತಾ ನಂಗೂ ಅನ್ನುಸ್ತು, ಕಂಡೇ ಇಲ್ವೇನೋ, ಸಣ್ಣೋಳು ಏನೋ ಕಲ್ಪುಸ್ಕೊಂಡೆ ಅಂತ.’

ಕೈ ನಿಂತಿತು. ಹುಣಸೆ ಮೆತ್ತಿದ ಬೆರಳಿನಿಂದ ನಕಲಿನ ಮೇಲಿನ ಹನ್ನೊಂದನೆಯ ಸಾಲನ್ನು ಮುಟ್ಟದೆ ತೋರಿಸಿದರು. ಅದು ಯಾವ ಸಾಲೆಂದು ನಾನು ಓದುವಾಗಲೇ ನೋಡಿಕೊಂಡಿದ್ದರು.

‘ಇದ್ರಾಗೆ ನಾನು ಅವನ್ನ ಕಂಡೆ ಅಂತ ಬರ್ದೈತಾ?’

‘ಇಲ್ಲ ಅಜ್ಜಿ. ನೀವು ಬಂದಿದ್ರಿ, ಹೋದ್ರಿ ಅಂತ ಮಾತ್ರ ಇದೆ.’

‘ಬರ್ಯಕ್ಕಾಯ್ತದಾ?’

ಹಳೆಯ ದಾಖಲೆಯ ಮೇಲೆ ಒಂದು ಚುಕ್ಕಿ ಇಡುವುದೂ ನಮ್ಮ ಕೆಲಸದಲ್ಲಿ ನಿಷಿದ್ಧ. ಅದನ್ನು ಅವರಿಗೆ ಹೇಳಲಿಲ್ಲ. ‘ಬರೀತೀನಿ’ ಎಂದೆ.

ಕರಾರು ಮುಂದುವರಿಯಲಿಲ್ಲ. ಕೊನೆಯ ವಾರದ ಹೊತ್ತಿಗೆ ಸುಮಾರು ಅರ್ಧದಷ್ಟು ಕಟ್ಟುಗಳು ಮೊದಲಿನ ಹಾಗಾಗಿದ್ದವು. ಉಳಿದವಕ್ಕೆ ಹೇಗೆ ಜೋಡಿಸಬೇಕೆಂದು ವಿವರವಾಗಿ ಬರೆದು, ಎಣ್ಣೆಕಾಗದದ ನಕಲುಗಳನ್ನೆಲ್ಲ ಜೊತೆಗಿಟ್ಟೆ. ಜೋಡಿಸಿದ ಕಟ್ಟುಗಳ ಪಟ್ಟಿಯನ್ನು ಮಾತ್ರ ನನ್ನ ಕೈಯಲ್ಲೇ ಮುಗಿಸಿದೆ. ಪಟ್ಟಿಯಲ್ಲಿ ಪ್ರತಿ ಕಟ್ಟಿಗೂ ಕೊನೆಗೊಂದು ಷರಾ ಕಾಲಂ ಇರುತ್ತದೆ, ಸಾಮಾನ್ಯವಾಗಿ ಅಲ್ಲಿ ‘ಹುಳು ಹಿಡಿದಿದೆ’, ‘ಅಂಚು ಹರಿದಿದೆ’ ಎಂದು ಬರೆಯುತ್ತೇವೆ. ಆ ತಿಂಗಳ ಕಟ್ಟಿನ ಎದುರು ಅವೆರಡನ್ನೂ ಬರೆದು, ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ‘ಗೇಟ್ ಹಾಳೆ, ಹನ್ನೊಂದನೆಯ ನಮೂದು. ಕೇಳಲ್ಪಟ್ಟ ವ್ಯಕ್ತಿ ಆ ಹೊತ್ತಿಗೆ ಗೇಟಿನ ಒಳಗೆ ನಿಂತಿದ್ದನ್ನು ಜೊತೆಯಲ್ಲಿದ್ದ ಹುಡುಗಿ ಕಂಡಿದ್ದಾಳೆ.’